ಸಣ್ಣರಂಗಯ್ಯನ ಹೆಸರಿನ ವಾಚು

ಕೊರಟಗೆರೆಯ ಪ್ರೈವೇಟ್ ಬಸ್ ಸ್ಟ್ಯಾಂಡಿನ ಟೈಮ್ ಕೀಪರ್ ನರಸಿಂಹರಾಜುವಿಗೆ ಸರ್ಕಾರದ ಸಂಬಳವಿಲ್ಲ, ಯೂನಿಫಾರಂ ಇಲ್ಲ, ಕೂರುವುದಕ್ಕೆ ಇರುವುದು ಒಂದು ಪ್ಲಾಸ್ಟಿಕ್ ಕುರ್ಚಿ. ಆದರೂ ಅವನು ಎಡಗೈ ಎತ್ತಿ ವಾಚು ನೋಡಿ "ತೆಗೀಲಾ ಗಾಡಿ" ಅಂದರೆ ಪಾವಗಡದ ಬಸ್ಸು ಹೊರಡಲೇಬೇಕು, "ಇನ್ನೂ ಆಗಿಲ್ಲ ಕಣ್ಲಾ" ಅಂದರೆ ಶಿರಾದ ಬಸ್ಸು ಗುರುಗುಟ್ಟುತ್ತಾ ನಿಲ್ಲಲೇಬೇಕು.

ಎಲ್ಲರ ಜೇಬಲ್ಲೂ ಫೋನಿರುವ ಕಾಲದಲ್ಲಿ ಒಬ್ಬನ ಕೈಗಡಿಯಾರಕ್ಕೆ ಬಸ್ಸುಗಳು ಕಾಯುತ್ತವೆಯೇ ಎಂದು ನಗುವವರಿದ್ದಾರೆ. ಅವರು ಒಂದು ದಿನ ಪ್ರೈವೇಟ್ ಬಸ್ಸಿನ ಸ್ಟೇರಿಂಗ್ ಹಿಡಿದು ನೋಡಬೇಕು. ಮುಂದಿನ ಗಾಡಿ ಎರಡು ನಿಮಿಷ ತಡೆದು ಹೊರಟರೆ ಹಿಂದಿನ ಗಾಡಿಯ ಪ್ಯಾಸೆಂಜರನ್ನೆಲ್ಲ ಬಾಚಿಕೊಂಡು ಹೋಗುತ್ತದೆ. ಆ ಎರಡು ನಿಮಿಷಕ್ಕಾಗಿ ಕೊರಳಪಟ್ಟಿ ಹಿಡಿದದ್ದುಂಟು, ಜಾಕಿ ರಾಡು ಎತ್ತಿದ್ದೂ ಉಂಟು. ಫೋನು ತೋರಿಸಿದರೆ "ನೀನೇ ತಿದ್ಕಂಡಿದೀಯ" ಎಂಬ ಮಾತು ಬರುತ್ತದೆ. ಹಾಗಾಗಿ ಎಲ್ಲ ಓನರುಗಳೂ ಸೇರಿ ಒಂದೇ ವಾಚನ್ನು ನಂಬುವುದೆಂದು ಎಂದೋ ತೀರ್ಮಾನ ಮಾಡಿದ್ದರು. ಅದು ಹಿಂದಿನ ಟೈಮ್ ಕೀಪರ್ ದೊಡ್ಡರಂಗಯ್ಯನ ಎಚ್‌ಎಂಟಿ. ಅವನು ಕುರ್ಚಿ ಬಿಡುವಾಗ ತನ್ನ ಕೈಯಿಂದ ಬಿಚ್ಚಿ ನರಸಿಂಹರಾಜುವಿನ ಕೈಗೆ ಕಟ್ಟಿದ್ದ.

ಅದು ಅಸಲಿ ಎಂಬುದಕ್ಕೆ ಸಾಕ್ಷಿ ಹಿಂದಿನ ಮುಚ್ಚಳದ ಮೇಲೇ ಇತ್ತು. ನಮ್ಮ ಕಡೆ ಹೆಸರಿಲ್ಲದ ಉಡುಗೊರೆ ಉಡುಗೊರೆಯೇ ಅಲ್ಲ. ಮದುವೆಗೆ ಕೊಡುವ ಚೊಂಬು, ಪರಾತ, ಟಿಫನ್ ಕ್ಯಾರಿಯರ್ ಎಲ್ಲಕ್ಕೂ ಪಾತ್ರೆ ಅಂಗಡಿಯಲ್ಲೇ ಹೆಸರು ಹಾಕಿಸಿ ತರುತ್ತಾರೆ. ತೆಗೆದುಕೊಂಡವರ ಹೆಸರಿಗಿಂತ ಕೊಟ್ಟವರ ಹೆಸರು ಒಂದು ಕೈ ದೊಡ್ಡದಾಗಿಯೇ ಇರುತ್ತದೆ. ಅಳಿಯನಿಗೆ ಎಚ್‌ಎಂಟಿ ಕೊಡುವ ಕಾಲ ಬಂದಾಗ ಮಾವಂದಿರು ಅದನ್ನೂ ಅದೇ ಅಂಗಡಿಗೆ ಹೊತ್ತರು. ಪಾತ್ರೆಯವನು ಮುಚ್ಚಳ ಬಿಚ್ಚಿಸಿ, ಚೊಂಬಿಗೆ ಹೊಡೆಯುವ ಉಳಿಯಲ್ಲೇ ಚುಕ್ಕಿಚುಕ್ಕಿಯಾಗಿ ಹೆಸರು ಹೊಡೆದುಕೊಟ್ಟ. ಹಾಗಾಗಿ ಈ ನಾಲ್ಕು ತಾಲ್ಲೂಕಿನಲ್ಲಿ ಹಳೇ ವಾಚು ಕೈಗೆ ಬಂದರೆ ಯಾರೂ ಮುಂದೆ ನೋಡುವುದಿಲ್ಲ, ತಿರುಗಿಸಿ ಬೆನ್ನು ನೋಡುತ್ತಾರೆ.

ಆ ವಾಚು ಹೋದದ್ದು ನರಸಿಂಹರಾಜುವಿನ ಶಿಸ್ತಿನಿಂದಲೇ. ತಡ ಮಾಡಿದ ಮಧುಗಿರಿ ಡ್ರೈವರನಿಗೆ ಕೈ ಬೀಸಿ ಬೀಸಿ ವಾಚು ತೋರಿಸುತ್ತಿದ್ದಾಗ ಬೆಲ್ಟು ಕಿತ್ತು, ವಾಚು ಹಾರಿ, ಅದೇ ಗಾಡಿಯ ಹಿಂದಿನ ಚಕ್ರದ ಮುಂದೆ ಬಿತ್ತು. ಬೈಸಿಕೊಂಡ ಡ್ರೈವರ್ ಅಷ್ಟು ಚುರುಕಾಗಿ ಎಂದೂ ಗಾಡಿ ತೆಗೆದಿರಲಿಲ್ಲ.

ಮನೆಯಲ್ಲಿ ಹೆಂಡತಿ ಗಂಗಾಂಬಿಕಾ, ಅಂಗನವಾಡಿ ಟೀಚರು, ಎರಡೇ ಮಾತಿಗೆ ಮುಗಿಸಿದಳು. "ಓದ್ರೆ ಓಯ್ತು ಬುಡಿ. ಫೋನಲ್ಲಿ ಎಲ್ಲಾ ಸಿಕ್ತದೆ."

ಸಿಕ್ಕಿತು. ಹಳೇ ಎಚ್‌ಎಂಟಿ, ಕಡಿಮೆ ಬೆಲೆ, ಫೋಟೋದಲ್ಲಿ ಕಣ್ಣು ಕೋರೈಸುವ ನೀಲಿ ಡಯಲ್, ಮನೆ ಬಾಗಿಲಿಗೆ ತಂದುಕೊಡುತ್ತಾರಂತೆ. ನರಸಿಂಹರಾಜು ಮದುವಣಗಿತ್ತಿಯನ್ನು ಎದುರುಗೊಳ್ಳುವವನ ಹಾಗೆ ಬಾಗಿಲಲ್ಲಿ ನಿಂತು ಪಾರ್ಸೆಲ್ ಇಸಿದುಕೊಂಡ. ಮಾರನೆಯ ಬೆಳಿಗ್ಗೆ ಕುರ್ಚಿಯಲ್ಲಿ ಕೂತು, ಕೈ ಎತ್ತಿ, ಒಂಬತ್ತು ಹತ್ತರ ಪಾವಗಡದ ಗಾಡಿಗೆ ಅಪ್ಪಣೆ ಕೊಟ್ಟ. ಅದರ ಡ್ರೈವರು ಪ್ರಭುದೇವ್, ಪಾವಗಡದಾಚೆಯ ಗಡಿ ಹಳ್ಳಿಯವನು, ಕನ್ನಡದೊಳಗೆ ತೆಲುಗು ಕಲಸಿ ಮಾತಾಡುವವನು, ಕೆಳಗಿಳಿದು ಬಂದು ಟೈಮ್ ಕೀಪರನ ಮಣಿಕಟ್ಟು ಹಿಡಿದು ವಾಚು ತಿರುಗಿಸಿದ. ಬೆನ್ನು ಬೋಳು.

"ಏಂದನ್ನಾ ಇದಿ? ಹೆಸರೇ ಲೇದು."

"ಹೆಸ್ರಿಲ್ದಿದ್ರೆ ಏನ್ಲಾ, ಟೈಮ್ ಸರಿಯಾಗಿ ತೋರಿಸ್ತೈತೆ."

"ಟೈಮ್ ಯಾರಾದ್ರೂ ತೋರಿಸ್ತಾರೆ. ಡೂಪ್ಲಿಕೇಟ್ ಟೈಮಿಗೆ ನಾನು ಗಾಡಿ ತೆಗಿಯಲ್ಲಣ್ಣಾ" ಎಂದು ಪ್ರಭುದೇವ್ ಟೀ ಕುಡಿಯಲು ಹೋದ.

ಅವನ ಫೋನಲ್ಲೂ ಒಂಬತ್ತು ಹತ್ತು, ಟೀ ಅಂಗಡಿಯ ಗೋಡೆಯಲ್ಲೂ ಒಂಬತ್ತು ಹತ್ತು. ಆದರೆ ಅಸಲಿ ಒಂಬತ್ತು ಹತ್ತು ಯಾವುದೆಂದು ಹೇಳುವವರು ಯಾರೂ ಇರಲಿಲ್ಲ. ಅಂದು ಒಂದೊಂದು ಗಾಡಿ ತನಗೆ ತೋಚಿದಾಗ ಹೊರಟಿತು. ಎರಡು ಬಸ್ಸು ಒಂದರ ಹಿಂದೊಂದು ಖಾಲಿಯಾಗಿ ಮಧುಗಿರಿ ಮುಟ್ಟಿದವು, ಮೂರನೆಯದರಲ್ಲಿ ಜನ ಟಾಪ್ ಮೇಲೆ ಕೂತಿದ್ದರು. ಓನರುಗಳು ಫೋನ್ ಮಾಡಿ ಉಗಿದರು. ಬೇಗ ಒಂದು ಒರಿಜಿನಲ್ ನೋಡಿಕೋ ಎಂದರು.

ನರಸಿಂಹರಾಜು ಅವಮಾನದಿಂದ ಎರಡು ಹೊತ್ತು ಊಟ ಬಿಟ್ಟ. ಆಮೇಲೆ ಶಿರಾಕ್ಕೆ ಹೋಗಿ, ಹಳೇ ಗಡಿಯಾರ ರಿಪೇರಿ ಮಾಡುವ ಸಾಬರ ಮುಂದೆ ನೀಲಿ ವಾಚು ಇಟ್ಟ. ಸಾಬರು ಮುಚ್ಚಳ ತೆಗೆದು ನೋಡಿ, ಸಾವಿನ ಮನೆಗೆ ಬಂದವರಂತೆ ತಲೆಯಾಡಿಸಿದರು. "ಅರೇ ರಾಜಣ್ಣ, ನಕ್ಲಿ ಐತೆ ಇದು. ಮೂರು ವಾಚಿನ ಪಾರ್ಟು ಒಳಗೆ ಸೇರ್ಕಂಡವೆ. ಇದು ವಾಚಲ್ಲ, ಕೂಡು ಕುಟುಂಬ."

ಅಲ್ಲಿಂದ ಶುರುವಾಯಿತು ನರಸಿಂಹರಾಜುವಿನ ವಿದ್ಯಾಭ್ಯಾಸ. ಹಳೇ ವಾಚು ಹೊಸದರಂತೆ ಹೊಳೆದರೆ ಡಯಲ್‌ಗೆ ಮತ್ತೆ ಬಣ್ಣ ಹೊಡೆದಿದ್ದಾರೆ. ಬೆಳ್ಳಗಿರೋದೆಲ್ಲ ಹಾಲಲ್ಲ. ಅಕ್ಷರ ಊದಿಕೊಂಡಿದ್ದರೆ ಡೂಪು. ಗುಲಾಬಿ ಬಣ್ಣದ ಡಯಲ್ ಕಂಡರೆ ಕೈ ಮುಗಿದು ಮುಂದೆ ಹೋಗು. ಒಳಗಿನ ಮಿಷನ್ನಿನ ಫೋಟೋ ಕೇಳು, ಕೊಡದವನ ಹತ್ತಿರ ಕೊಳ್ಳಬೇಡ. ಒಂದೇ ವಾಚಿನ ಫೋಟೋ ಹತ್ತು ಅಂಗಡಿಯವರು ಹಾಕಿದ್ದರೆ ಹತ್ತರ ಹತ್ತಿರವೂ ಆ ವಾಚಿಲ್ಲ. ಇವತ್ತಿನ ಪೇಪರ್ ಪಕ್ಕ ಇಟ್ಟು ಫೋಟೋ ಕಳಿಸು ಎಂದು ಅವನು ಒಬ್ಬ ಮಾರಾಟಗಾರನನ್ನು ಕೇಳಿದ. ಅವನ ಮನೆಗೆ ಪೇಪರ್ ಬರುತ್ತಿರಲಿಲ್ಲವೆಂದು ಕಾಣುತ್ತದೆ, ತನ್ನ ಮಗುವನ್ನೇ ವಾಚಿನ ಪಕ್ಕ ಕೂರಿಸಿ ಫೋಟೋ ಕಳಿಸಿದ. ಮಗು ಅಸಲಿಯೇ ಇತ್ತು.

ತಾನು ಕಲಿತದ್ದನ್ನು ಅವನು ಬಸ್ಸಿನವರ ವಾಟ್ಸಾಪ್ ಗುಂಪಿಗೆ ಹಾಕುತ್ತಾ ಹೋದ. ಬಸ್ಸಿನವರ ಗುಂಪೆಂದರೆ ನಾಲ್ಕು ತಾಲ್ಲೂಕಿಗೂ ಸುದ್ದಿ. ಕಮ್ಮಿ ಬೆಲೆಗೆ ಹಳೇ ವಾಚು ತರಿಸಿಕೊಂಡು ಬೀಗುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಕೊರಟಗೆರೆಗೆ ಬರತೊಡಗಿದರು. ಮಧುಗಿರಿಯ ಮೇಷ್ಟರು ಬಂದರು, ಪಾವಗಡದ ಬೀಜ ಗೊಬ್ಬರದ ಅಂಗಡಿಯವರು ಬಂದರು. ನರಸಿಂಹರಾಜು ವಾಚನ್ನು ಮೂಗಿನ ಹತ್ತಿರ ಹಿಡಿದು, ತಿರುಗಿಸಿ, "ಡೂಪು" ಎಂದು ಹಿಂದಕ್ಕೆ ಕೊಡುತ್ತಿದ್ದ. ಒಂದಕ್ಕಾದರೂ ಅಸಲಿ ಅಂದವನಲ್ಲ. ಅಸಲಿ ಅನ್ನದವನ ಮೇಲೆ ಜನಕ್ಕೆ ಅದೇನು ನಂಬಿಕೆಯೋ, ವಾಚು ಮುಗಿದ ಮೇಲೆ ಬೆಳ್ಳಿ ಉಡಿದಾರ ತಂದರು, ಜೇನುತುಪ್ಪ ತಂದರು. ಒಬ್ಬರಂತೂ ಗಂಡು ನೋಡಲು ಹೋಗುವಾಗ ಇವನನ್ನು ಕರೆದೊಯ್ದು ಹುಡುಗನ ಎದುರು ಕೂರಿಸಿದರು. ಹುಡುಗ ಹೆದರಿ, ತನಗೆ ಪಿಯುಸಿಯಲ್ಲಿ ಎರಡು ಸಬ್ಜೆಕ್ಟ್ ಉಳಿದಿದೆ ಎಂದು ಕೇಳದೆಯೇ ಒಪ್ಪಿಕೊಂಡ.

ಇಷ್ಟೆಲ್ಲ ಆದರೂ ಅವನ ಕೈಗೆ ವಾಚಿರಲಿಲ್ಲ. ಊರಿಗೆಲ್ಲ ಪರೀಕ್ಷೆ ಮಾಡುವವನು ಸ್ವಂತಕ್ಕೆ ಒಂದು ಕೊಳ್ಳಲಾರದೆ ಒದ್ದಾಡಿದ. ಕೊನೆಗೆ ತನ್ನ ಕಡೆಯ ಅಸ್ತ್ರ ತೆಗೆದು, ಮಾರುವ ಆ್ಯಪಿನಲ್ಲಿ ಸಿಕ್ಕಸಿಕ್ಕ ವಾಚಿನ ಕೆಳಗೆಲ್ಲ ಬರೆದ. ಹಿಂದೆ ಹೆಸರಿಲ್ಲ, ಯಾರ ಮಾವ ಕೊಟ್ಟದ್ದು ಎಂದು ಗೊತ್ತಿಲ್ಲ, ಇಂಥ ಅನಾಥ ವಾಚು ಯಾರೂ ಕೊಳ್ಳಬೇಡಿ. ಗುಂಪಿನವರೂ ಸಾಲುಸಾಲಾಗಿ ಅದನ್ನೇ ಬರೆದರು. ಗಂಗಾಂಬಿಕಾ ಓದಿ, "ಕಳ್ಳನ್ಗೆ ಬೀಗದ ಕೈ ಎಲ್ಲೈತೆ ಅಂತ ಹೇಳ್ಕೊಟ್ಟಂಗಾಯ್ತು" ಎಂದಳು. ಅವನು ಕೇಳಿಸಿಕೊಳ್ಳಲಿಲ್ಲ. ನಾವು ಚಾಪೆ ಕೆಳಗೆ ನುಸುಳಿದರೆ ರಂಗೋಲಿ ಕೆಳಗೆ ನುಸುಳುವವರು ಇರುತ್ತಾರೆಂದು ಅವನಿಗೆ ಹೊಳೆಯಲೇ ಇಲ್ಲ.

ಕೆಲವು ವಾರ ಕಳೆದು ಆ ಆ್ಯಪಿನಲ್ಲಿ ಒಂದು ಎಚ್‌ಎಂಟಿ ಕಂಡಿತು. ಮಾಸಿದ ಡಯಲ್, ಸವೆದ ಕೀ. ಬೆನ್ನ ಮೇಲೆ ಚುಕ್ಕಿಚುಕ್ಕಿಯಾಗಿ ಅಚ್ಚ ಕನ್ನಡದಲ್ಲಿ "ಅಳಿಯ ಸಣ್ಣರಂಗಯ್ಯ ಬುಕ್ಕಾಪಟ್ಟಣ, ಮಾವ ಬೋರಯ್ಯ ಐ.ಡಿ.ಹಳ್ಳಿ." ಮಾವನ ಹೆಸರು ದೊಡ್ಡದು. ಅಳಿಯನ ಹೆಸರಿನ ಪಕ್ಕ ಉಳಿ ಜಾರಿ ಒಂದು ಗೀರು ಕೂಡ ಬಿದ್ದಿತ್ತು. ನರಸಿಂಹರಾಜುವಿನ ಕಣ್ಣಲ್ಲಿ ನೀರು ಬಂತು. ಇಂಥ ಗೀರನ್ನು ಯಾರು ತಾನೆ ಬೇಕೆಂದು ಮಾಡುತ್ತಾರೆ?

ವಾಚು ಬಂತು. ಪ್ರಭುದೇವ್ ಮಣಿಕಟ್ಟು ತಿರುಗಿಸಿ ಓದಿ, ನೇರ ಹೋಗಿ ಗಾಡಿ ತೆಗೆದ. ಬಸ್ ಸ್ಟ್ಯಾಂಡು ಸರಿದಾರಿಗೆ ಬಂತು. ಮಧ್ಯಾಹ್ನದ ಹೊತ್ತಿಗೆ ಆ ವಾಚು ಹಿಂದೆ ಬೀಳುತ್ತಿತ್ತು ನಿಜ. ನರಸಿಂಹರಾಜು ಮೂತ್ರಕ್ಕೆ ಹೋದಾಗ ಗೋಡೆ ಮರೆಯಲ್ಲಿ ಫೋನು ನೋಡಿ ಮುಳ್ಳು ತಿರುಗಿಸಿಕೊಂಡು ಬರುತ್ತಿದ್ದ. ವಯಸ್ಸಾದ ವಾಚು, ಅಷ್ಟೂ ಇಲ್ಲದಿದ್ದರೆ ಹೇಗೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಆಮೇಲೊಂದು ದಿನ ಪ್ರಭುದೇವ್ ಹೊಸ ಹುರುಪಿನಲ್ಲಿ ಬಂದು ಕೈ ಚಾಚಿದ. "ಅಣ್ಣಾ, ನಾನೂ ಒಂದು ತರಿಸಿದೆ, ಚೂಡು." ನರಸಿಂಹರಾಜು ತಿರುಗಿಸಿದ. ಅಳಿಯ ಸಣ್ಣರಂಗಯ್ಯ, ಮಾವ ಬೋರಯ್ಯ. ಅದೇ ಜಾಗದಲ್ಲಿ ಅದೇ ಗೀರು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಜೆಯೊಳಗೆ ಶಿರಾ ಗಾಡಿಯ ಕಂಡಕ್ಟರು ಒಂದು ಸಣ್ಣರಂಗಯ್ಯ ತೋರಿಸಿದ, ಮಧುಗಿರಿಯ ಮೇಷ್ಟರು ಇನ್ನೊಂದರ ಫೋಟೋ ಹಾಕಿದರು. ವಾರ ತುಂಬುವುದರೊಳಗೆ ಗುಂಪಿನ ತುಂಬ ಸಣ್ಣರಂಗಯ್ಯಗಳು. ಬೋರಯ್ಯನಿಗೆ ಹೆಣ್ಣುಮಕ್ಕಳು ಎಷ್ಟಪ್ಪಾ ಎಂದು ಒಬ್ಬ ಕೇಳಿದ. ಹೆಣ್ಣು ಒಂದೇ, ಅಳಿಯನೇ ತಿರುತಿರುಗಿ ಮದುವೆಯಾಗಿರಬೇಕು ಎಂದು ಇನ್ನೊಬ್ಬ. ಎಲ್ಲರೂ ತಂತಮ್ಮ ವಾಚೇ ಒರಿಜಿನಲ್ ಎಂದು ಜಗಳಕ್ಕೆ ನಿಂತರು.

ಓನರುಗಳಿಗೆ ಸಾಕಾಯಿತು. ಅವರ ಪರವಾಗಿ ಒಬ್ಬರು ಬಂದು ಖಡಾಖಂಡಿತ ಹೇಳಿದರು. "ನೋಡು ರಾಜಣ್ಣ, ಆ ಸಣ್ಣರಂಗಯ್ಯ ಅನ್ನೋನ್ನ ಹುಡುಕಿ, ನಿನ್ ವಾಚೇ ಅಸಲಿ ಅಂತ ಅವನ ಬಾಯಲ್ಲಿ ಹೇಳ್ಸ್ಕಂಡು ಬಾ. ಇಲ್ಲಾಂದ್ರೆ ಅಮಾಸೆ ಕಳೀತಿದ್ದಂಗೆ ಗೋಡೆಗೆ ಡಿಜಿಟಲ್ ಗಡಿಯಾರ ಹಾಕಿಸ್ತೀವಿ. ಅದು ಟೀನೂ ಕುಡಿಯಲ್ಲ, ಜಗಳಾನೂ ಆಡಲ್ಲ." ನರಸಿಂಹರಾಜುವಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಗಾಡಿ ಓಡಿಸಲು ಬರುವುದಿಲ್ಲ, ಟಿಕೆಟ್ ಹರಿದವನಲ್ಲ. ಕೈ ಎತ್ತಿ ಹೊತ್ತು ಹೇಳುವುದೊಂದೇ ಅವನ ಬದುಕಾಗಿತ್ತು, ಅದಕ್ಕೇ ಈಗ ಕುತ್ತು ಬಂದಿತ್ತು.

ಅಮಾವಾಸ್ಯೆಯ ದಿನ ಬುಕ್ಕಾಪಟ್ಟಣಕ್ಕೆ ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದವನು ಪ್ರಭುದೇವನೇ. ಇವನ ಮೇಲಿನ ಪ್ರೀತಿಗಲ್ಲ, ತನ್ನ ಕೈಯಲ್ಲಿರುವುದೇ ಅಸಲಿ ಎಂಬ ಆಸೆಗೆ. ದಾರಿಯುದ್ದಕ್ಕೂ ಇಬ್ಬರೂ ವಾಚಿನ ವಿಚಾರ ಬಿಟ್ಟು ಮಿಕ್ಕದ್ದೆಲ್ಲ ಮಾತಾಡಿದರು.

ಸಣ್ಣರಂಗಯ್ಯನ ಮನೆ ಕೇಳಿದಾಗ ಟೀ ಅಂಗಡಿಯವನು ದಾರಿ ತೋರಿಸಿ, "ಆ ವಯ್ಯನ್ನ ಟೈಮ್ ಒಂದು ಕೇಳ್ಬೇಡಿ" ಎಂದು ನಕ್ಕ. ಮುದುಕ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ. ಅಂಗಳದಲ್ಲಿ ಅವನ ಹೆಂಡತಿ ಹನುಮಕ್ಕ ಹುರುಳಿ ಕೇರುತ್ತಿದ್ದಳು. ಬೇಡ ಅಂದದ್ದನ್ನು ಮಾಡದೆ ಬಿಡುವ ಜಾತಿಯಲ್ಲ ಪ್ರಭುದೇವ್. ನಮಸ್ಕಾರ ಹೇಳಿ, "ತಾತಾ, ಟೈಮೆಷ್ಟು?" ಎಂದ.

"ನಮ್ಮ್ ಮಾವನ್ನ ಕೇಳು."

"ಎಲ್ಲವ್ರೆ ನಿಮ್ ಮಾವ?"

"ಸತ್ತೋದ."

ಹನುಮಕ್ಕ ಮೊರ ಕೆಳಗಿಟ್ಟಳು. "ನೋಡಪ್ಪ, ಮದ್ವೆ ಆದಾಗಿಂದ ಇದೇ ಮಾತು. ನಮ್ಮಪ್ಪ ವಾಚ್ ಕೊಡ್ತೀನಿ ಅಂದಿದ್ದ. ತಂದೂ ಇದ್ದ. ದಿಬ್ಬಣದ ಬಸ್ಸಲ್ಲಿ ಚೀಲ ಕುಯ್ದು ಯಾರೋ ಹಾರಿಸ್ಕಂಡೋದ್ರು. ತಂದೇ ಇರ್ಲಿಲ್ಲ, ಸುಳ್ಳ ಅಂತ ಈ ವಯ್ಯ ಪಟ್ಟು ಹಿಡಿದು ಕುಂತೋನು, ನಮ್ಮಪ್ಪನ ಮನೇಲಿ ಒಂದು ಹಬ್ಬದ ಎಣ್ಣೆನೀರು ಹುಯ್ಸ್ಕಳ್ಲಿಲ್ಲ. ನಮ್ಮಪ್ಪ ಸಾಯೋವಾಗ್ಲೂ ವಾಚಿನ ಮಾತೇ ಆಡ್ದ."

"ತಂದಿದ್ರೆ ಎಲ್ಲೋಯ್ತು? ಕಾಲ್ ಬಂತಾ ಅದಕ್ಕೆ?" ಎಂದ ಮುದುಕ.

"ತಂದಿದ್ದ. ಮಧುಗಿರೀಲಿ ಪಾತ್ರೆ ಅಂಗ್ಡೀಲಿ ಹೆಸ್ರು ಹಾಕ್ಸುವಾಗ ನಾನೂ ಪಕ್ಕದಲ್ಲಿದ್ದೆ. ಉಳಿ ಜಾರಿ ಗೀರು ಬಿತ್ತು ಅಂತ ನಮ್ಮಪ್ಪ ಅಂಗ್ಡಿಯೋನ್ ಜತೆ ಜಗಳ ಆಡಿದ್ದ. ನಾನೇನು ಸುಳ್ಳ್ ಹೇಳ್ತೀನಾ?" ಎಂದಳು ಹನುಮಕ್ಕ. ಅವಳ ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ. ಎಷ್ಟೋ ಸಲ ಹೇಳಿ ಸವೆದ ಮಾತದು.

ನರಸಿಂಹರಾಜುವಿಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಕದ್ದ ವಾಚು ಕೈಯಿಂದ ಕೈಗೆ ಹೋಗಿ ಯಾವುದೋ ಊರಿನ ಡೂಪು ಮಾಡುವವನನ್ನು ಸೇರಿದೆ. ಹೆಸರಿಲ್ಲದ ವಾಚು ಬೇಡವೆಂದು ಇವರೆಲ್ಲ ಬಾಯಿ ಬಡಿದುಕೊಂಡಾಗ ಆ ಪುಣ್ಯಾತ್ಮ ಕೈಗೆ ಸಿಕ್ಕ ಈ ಹೆಸರನ್ನೇ, ಗೀರೂ ಬಿಡದೆ, ಕಂಡ ಕಂಡ ವಾಚಿನ ಮೇಲೆಲ್ಲ ಅಚ್ಚು ಹೊಡೆದಿದ್ದಾನೆ. ಅಂದರೆ ಬೋರಯ್ಯ ವಾಚು ತಂದದ್ದು ನಿಜ. ತನ್ನ ಕೈಯಲ್ಲಿರುವುದು ಮಾತ್ರ ಅದಲ್ಲ. ಚುಕ್ಕಿಗಳ ಅಂಚು ನುಣುಪಾಗಿತ್ತು, ಉಳಿಯಲ್ಲಿ ಹೊಡೆದ ಚುಕ್ಕಿ ಹಾಗಿರುವುದಿಲ್ಲ. ಮೊದಲ ದಿನವೇ ಅದು ಅವನ ಕಣ್ಣಿಗೆ ಬಿದ್ದಿತ್ತು, ಮನಸ್ಸು ಒಪ್ಪಿರಲಿಲ್ಲ.

ಅವನು ವಾಚು ಬಿಚ್ಚಿ ಹನುಮಕ್ಕನ ಕೈಗೆ ಕೊಟ್ಟ. ಪ್ರಭುದೇವ್ ಪಟ್ಟನೆ ತನ್ನ ಶರ್ಟಿನ ತೋಳು ಮಣಿಕಟ್ಟಿನವರೆಗೆ ಎಳೆದುಕೊಂಡ.

ಹನುಮಕ್ಕನಿಗೆ ಓದು ಬರುತ್ತಿರಲಿಲ್ಲ. ಹೆಬ್ಬೆರಳಲ್ಲಿ ಮುಚ್ಚಳ ಸವರುತ್ತಾ ಹೋದಳು. ಗೀರು ಸಿಕ್ಕ ಕಡೆ ಬೆರಳು ನಿಂತಿತು. ಅಲ್ಲೇ ಹಿಂದಕ್ಕೂ ಮುಂದಕ್ಕೂ ಆಡಿಸಿದಳು. "ಅಪ್ಪಾ" ಎಂದಳು, ಗಂಡನಿಗಲ್ಲ, ಬಂದವರಿಗಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ವಾಚನ್ನು ಗಂಡನ ತೊಡೆಯ ಮೇಲಿಟ್ಟಳು. "ಓದ್ಕ."

ಮುದುಕ ಓದಿದ. ಮತ್ತೊಮ್ಮೆ ಓದಿದ. ಮಾವನ ಹೆಸರಿನ ಮೇಲೆ ಬೆರಳಿಟ್ಟ. ಆಮೇಲೆ ತಲೆ ಎತ್ತಿ ಕೇಳಿದ. "ಕೊರಟಗೆರೇಲಿ ವಾಚ್ ನೋಡಿ ಸಾಚಾ ಸುಳ್ಳು ಹೇಳೋನು ಒಬ್ಬವ್ನಂತೆ, ಬಸ್ಸಿನೋರು ಹೇಳ್ತಿದ್ರು. ನೀನೇನಾ?"

"ಊಂ, ಯಜಮಾನ್ರೇ."

"ಹಂಗಾದ್ರೆ ಹೇಳು. ಇದು ಅಸಲೀನಾ?"

ಪ್ರಭುದೇವ್ ಫೋನು ಹೊರತೆಗೆದು ನರಸಿಂಹರಾಜುವಿನ ಕಿವಿಯ ಹತ್ತಿರ ಬಗ್ಗಿದ. "ಅಣ್ಣಾ, ಅಮ್ಮ ಇದೇ ಅಂದ್ಬುಟ್ರು. ತಾತನೂ ಒಂದ್ ಮಾತು ಅಂದ್ರೆ ವಿಡಿಯೋ ತಗೊಂಡು ವಾಚ್ ಇಸ್ಕಂಡು ಹೋಗಾಣ. ಓನರ್‌ಗಳ ಬಾಯಿ ಮುಚ್ತದೆ. ಕುರ್ಚಿ ನಿಂದೇ."

ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು. ಡೂಪು ಎಂದರೆ ಸತ್ಯ ಹೇಳಿದ ಹಾಗಾಗುತ್ತಿತ್ತು, ಬೋರಯ್ಯ ಮತ್ತೆ ಸುಳ್ಳನಾಗುತ್ತಿದ್ದ. ಡೂಪಿನ ಕಥೆಯನ್ನು ಬಿಡಿಸಿ ಹೇಳಿದರೆ ಮುದುಕ ನಂಬುವ ಪೈಕಿಯಲ್ಲ, ಕೈಯಲ್ಲಿ ಹಿಡಿಯುವಂಥದ್ದು ಬೇಕು ಅವನಿಗೆ. ಅಸಲಿ ಎಂದು ಹೇಳಿ ವಾಚು ವಾಪಸು ಇಸಿದುಕೊಂಡರೆ ಬಸ್ ಸ್ಟ್ಯಾಂಡು ಉಳಿಯುತ್ತಿತ್ತು, ಇವರ ಜಗಲಿ ಮತ್ತೆ ಬರಿದಾಗುತ್ತಿತ್ತು. ಹನುಮಕ್ಕ ಅವನ ಬಾಯನ್ನೇ ನೋಡುತ್ತಿದ್ದಳು.

"ಅಸಲಿ ಯಜಮಾನ್ರೇ" ಎಂದ ನರಸಿಂಹರಾಜು. ಜನ್ಮದಲ್ಲಿ ಮೊದಲ ಸಲ ಆ ಮಾತು ಅವನ ಬಾಯಿಂದ ಬಂದಿತ್ತು. "ನಿಮ್ಮ ಮಾವ ಕೊಟ್ಟಿದ್ದು. ನಿಮ್ಗೇ ಸೇರ್ಬೇಕು. ಕೈ ಕೊಡಿ ಇಲ್ಲಿ." ಮುದುಕನ ಕೈ ಹಿಡಿದು ಬೆಲ್ಟು ಕಟ್ಟಿದ. ಸಣ್ಣ ಕೈ, ಕೊನೆಯ ತೂತಿಗೂ ಸಡಿಲವಾಯಿತು. ಪ್ರಭುದೇವ್ ಫೋನನ್ನು ಜೇಬಿಗೆ ಹಾಕಿಕೊಂಡ.

ಹನುಮಕ್ಕ ಮೊರ ಕೈಗೆತ್ತಿಕೊಂಡು, ತಲೆ ಎತ್ತದೆ ಗಂಡನನ್ನು ಕೇಳಿದಳು. "ಟೈಮೆಷ್ಟು?"

ಸಣ್ಣರಂಗಯ್ಯ ಕೈಯನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಬಹಳ ಹೊತ್ತು ನೋಡಿದ. "ನಾಕೂಕಾಲು."

ಆಗ ನಾಲ್ಕೂವರೆ. ತಪ್ಪು ಹೊತ್ತು ಕಿವಿಗೆ ಬಿದ್ದರೆ ನರಸಿಂಹರಾಜುವಿಗೆ ಹಲ್ಲು ಚುಳ್ಳೆನ್ನುತ್ತಿತ್ತು. ಅವನು ಅದನ್ನೂ ನುಂಗಿಕೊಂಡು, ಅವರು ಕೊಟ್ಟ ಮಜ್ಜಿಗೆಯನ್ನೂ ಕುಡಿದು ಎದ್ದ. ಮನೆಯಲ್ಲಿ ಗಂಗಾಂಬಿಕಾ ಬರಿಗೈ ನೋಡಿ, ಕೇಳಿ ತಿಳಿದುಕೊಂಡು, "ನಾಳೆ ಕುರ್ಚೀನಾದ್ರೂ ಮನೆಗೆ ತಂದ್ಬುಡಿ, ಅಂಗನವಾಡಿಗೆ ಆಯ್ತದೆ" ಎಂದಳು. ತಟ್ಟೆಗೆ ಮುದ್ದೆ ಮಾತ್ರ ದಿನಕ್ಕಿಂತ ದೊಡ್ಡದಾಗಿ ಬಿತ್ತು.

ಮಾರನೆಯ ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಓನರುಗಳ ಕಡೆಯವರು ಗೋಡೆ ಅಳೆಯುತ್ತಿದ್ದರು. ಒಬ್ಬನ ಕಂಕುಳಲ್ಲಿ ಡಿಜಿಟಲ್ ಗಡಿಯಾರದ ಡಬ್ಬಿ ಇತ್ತು. ಡ್ರೈವರು, ಕಂಡಕ್ಟರು, ಹೂವಿನವರು ಎಲ್ಲ ನೆರೆದಿದ್ದರು. ಯಾರದು ಅಸಲಿಯಾಯಿತು ಎಂದು ಎಲ್ಲರೂ ಕೇಳಿದರು. ನರಸಿಂಹರಾಜು, "ಅಸಲಿ ಬುಕ್ಕಾಪಟ್ಟಣದಲ್ಲೈತೆ. ಇಲ್ಲಿರೋವೆಲ್ಲ ಡೂಪು" ಎಂದಷ್ಟೇ ಹೇಳಿ, ಕುರ್ಚಿ ಎತ್ತಿಕೊಳ್ಳಲು ಬಗ್ಗಿದ.

ಆ ಹೊತ್ತಿಗೆ ಪಾವಗಡದ ಗಾಡಿಯ ಕಿಟಕಿಯಿಂದ ಪ್ರಭುದೇವ್ ತಲೆ ಹೊರಹಾಕಿದ. ಅವನ ಕೈಯಲ್ಲೂ ವಾಚಿರಲಿಲ್ಲ.

"ಅಣ್ಣಾ, ಟೈಮೆಂತಾ?"

ನರಸಿಂಹರಾಜು ರೂಢಿಯಂತೆ ಎಡಗೈ ಎತ್ತಿದ. ಮಣಿಕಟ್ಟಿನಲ್ಲಿ ಬೆಲ್ಟಿನ ಬಿಳಿ ಗುರುತು ಬಿಟ್ಟರೆ ಏನಿಲ್ಲ. ಜನ ಕಿಸಕ್ಕೆಂದರು. ಅವನು ಆ ಬರಿ ಚರ್ಮವನ್ನೇ ದಿಟ್ಟಿಸಿ ನೋಡಿದ, ಸುತ್ತ ನೋಡಿದ, ಹೇಳಿದ. "ಒಂಬತ್ತು ಹತ್ತು."

"ಒಂಬತ್ತು ಎಂಟು" ಎಂದು ಶಿರಾ ಗಾಡಿಯ ಡ್ರೈವರ್ ಫೋನೆತ್ತಿ ತೋರಿಸಿದ.

"ಆಯನ ಅಂದಿದ್ದೇ ಟೈಮು" ಎಂದು ಪ್ರಭುದೇವ್ ಗೇರು ಹಾಕಿದ. ಗಾಡಿ ಹೊರಟಿತು. ಅದು ಹೊರಟ ಮೇಲೆ ಅದರ ಹಿಂದಿನ ಶಿರಾ ಗಾಡಿ ನಿಲ್ಲುವ ಹಾಗಿರಲಿಲ್ಲ, ಅದೂ ಇಂಜಿನ್ ಶುರು ಮಾಡಿ ಟೈಮ್ ಕೀಪರನ ಕಡೆ ನೋಡಿತು. ಡಬ್ಬಿ ಹಿಡಿದವನು ಯಾರಿಗೆ ಕೊಡುವುದೆಂದು ತಿಳಿಯದೆ ನಿಂತ. ನರಸಿಂಹರಾಜು ಎತ್ತಿದ್ದ ಕುರ್ಚಿಯನ್ನು ಇದ್ದಲ್ಲೇ ಇಟ್ಟು ಕೂತುಕೊಂಡು, ಬರಿಗೈ ಮೇಲೆತ್ತಿ, ಶಿರಾದವನಿಗೆ ಇನ್ನೂ ಐದು ನಿಮಿಷ ಇದೆ ಎಂದ. ಶಿರಾದವನು ಗೊಣಗುತ್ತಾ ಇಂಜಿನ್ ಆರಿಸಿದ.